ಎಡಗಡೆ ಸೀಟಿನ ಮೇಷ್ಟ್ರು

ಮೇಷ್ಟ್ರಿಗೆ ಕುಡಿಯುವ ಅಭ್ಯಾಸ ಇರಲಿಲ್ಲ. ಸಿಟ್ಟಾಗುವ ಅಭ್ಯಾಸ ಇತ್ತು. ಆ ಮಧ್ಯಾಹ್ನ ರಸ್ತೆ ಪಕ್ಕದಲ್ಲಿ ಪೊಲೀಸಿನವನು ಚಾಚಿದ ಯಂತ್ರದ ಕೊಳವೆಗೆ ಒಂದು ಸಲ ಊದಿಬಿಟ್ಟಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿದು, ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದರು. ಅವರು ಊದಲಿಲ್ಲ. ಯಂತ್ರ ಹಿಡಿದವನ ಮುಖ ನೋಡಿದರು. ಗುರುತು ಹತ್ತಿತು. ಎಂಟು ವರ್ಷದ ಹಿಂದೆ ತಮ್ಮ ಡ್ರೈವಿಂಗ್ ಸ್ಕೂಲಿಗೆ ಬಂದು, ಎಷ್ಟು ಬೈದರೂ ಮೂರನೇ ಗೇರಿನಿಂದ ಮೇಲಕ್ಕೆ ಹೋಗದೆ ತಿಂಗಳುಗಟ್ಟಲೆ ಸತಾಯಿಸಿದವನು. ಮೇಷ್ಟ್ರು ಅವನಿಗೆ ಇಟ್ಟಿದ್ದ ಹೆಸರೇ ‘ಮೂರನೇ ಗೇರು’.

“ಏನೋ ಮೂರನೇ ಗೇರು, ನಾನು ಕುಡಿದಿದ್ದೀನಾ?”

“ಒಂದ್ಸಲ ಊದಿಬಿಡಿ ಸರ್. ನನಗೂ ಕಷ್ಟ ಆಗುತ್ತೆ.”

“ನಿನಗೆ ಸ್ಟೀರಿಂಗ್ ಹಿಡಿಯೋಕೆ ಕಲಿಸಿದ ಕೈ ಕಣೋ ಇದು. ಗುರುವಿಗೇ ತಿರುಮಂತ್ರಾನಾ? ಊದಲ್ಲ ಹೋಗು. ಏನ್ ಬರ್ಕೋತೀಯೋ ಬರ್ಕೋ.”

ಮೂರನೇ ಗೇರು ಬರೆದುಕೊಂಡ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಊದಲು ಒಪ್ಪದವರ ವಿಷಯದಲ್ಲಿ ಅಲ್ಲಿನ ನಿಯಮ ಸರಳವಾಗಿತ್ತು: ಉಸಿರು ಸಾಕ್ಷಿ ಹೇಳದಿದ್ದರೆ ಗಾಡಿ ಸಾಕ್ಷಿ ಹೇಳಬೇಕು. ಅದಕ್ಕೆಂದೇ ಪೊಲೀಸರ ಹತ್ತಿರ ಅಚ್ಚು ಹಾಕಿಸಿದ ಹಾಳೆಯೊಂದಿತ್ತು. ಕುಡಿದವರು ಗಾಡಿಯನ್ನು ಹೇಗೆಲ್ಲ ಓಡಿಸುತ್ತಾರೆ ಎಂಬ ಇಪ್ಪತ್ನಾಲ್ಕು ಲಕ್ಷಣಗಳು, ಒಂದೊಂದರ ಎದುರಿಗೂ ಒಂದೊಂದು ಚೌಕ. ಮೇಷ್ಟ್ರ ಕಾರಿನ ಹಿಂದೆ ನಾಲ್ಕು ನಿಮಿಷ ಹೋಗಿ ನೋಡಿದ ಮೂರನೇ ಗೇರು ಆರು ಚೌಕಗಳಲ್ಲಿ ಗುರುತು ಹಾಕಿದ್ದ. ಗಾಡಿ ಬಿಳಿ ಗೆರೆ ದಾಟಿ ರಸ್ತೆಯಂಚಿಗೆ ಸರಿಯುವುದು. ಸರಿದದ್ದು ಥಟ್ಟನೆ ವಾಪಸು ಬರುವುದು. ಎದುರಿಗೆ ಏನೂ ಇಲ್ಲದೆ ಬ್ರೇಕ್ ಹಿಡಿಯುವುದು. ಹಸಿರು ದೀಪ ಬಂದ ಮೇಲೂ ನಿಂತಲ್ಲೇ ನಿಲ್ಲುವುದು. ಇಂಡಿಕೇಟರ್ ಹಾಕದೆ ತಿರುಗುವುದು. ಆರನೆಯದು, ಚಾಲಕ ಮಾತಾಡುತ್ತಾ ಸ್ಟೀರಿಂಗ್ ಬಿಟ್ಟು ಗಾಳಿಯಲ್ಲಿ ಕೈ ಆಡಿಸುವುದು.

ವಾರದೊಳಗೆ ನೋಟಿಸು ಬಂತು. ಕುಡಿದು ಗಾಡಿ ಓಡಿಸಿದ ಅನುಮಾನವಿರುವುದರಿಂದ ಡ್ರೈವಿಂಗ್ ಕಲಿಸಲು ಕೊಟ್ಟಿರುವ ಪರವಾನಗಿಯನ್ನು ಯಾಕೆ ರದ್ದು ಮಾಡಬಾರದು, ಲೈಸೆನ್ಸ್ ಕಚೇರಿಯ ಎರಡನೇ ಮಹಡಿಗೆ ಬಂದು ಹೇಳಿ ಎಂದು ಅದರಲ್ಲಿತ್ತು.

ಆ ಪರವಾನಗಿ ಇಪ್ಪತ್ತಾರು ವರ್ಷದಿಂದ ಸ್ಕೂಲಿನ ಗೋಡೆಯ ಮೇಲೆ ಗಾಜಿನ ಕಟ್ಟಿನೊಳಗೆ ಇತ್ತು. ಸ್ಕೂಲೆಂದರೆ ಒಂದೇ ಕೋಣೆ. ಕರಿಹಲಗೆ, ಹಲಗೆಗೆ ಅಂಟುವ ಪುಟಾಣಿ ಕಾರುಗಳು, ಕೈ ಪಳಗಲೆಂದು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಳೆಯ ಸ್ಟೀರಿಂಗು, ಮೂಲೆಯಲ್ಲಿ ಮಗಳ ಮೇಜು. ಮಗಳು ಪದವಿ ಮುಗಿಸಿ ಎರಡು ವರ್ಷವಾಗಿತ್ತು. ನಾಲ್ಕು ಜನರೆದುರು ಬಾಯಿ ತೆರೆಯುವುದೆಂದರೆ ಅವಳಿಗೆ ನೀರಿಲ್ಲದೆ ಮಾತ್ರೆ ನುಂಗಿದ ಹಾಗೆ. ಆದ್ದರಿಂದ ಮೇಜಿನ ಕೆಲಸ ಅವಳಿಗೆ ಹಿತವಾಗಿತ್ತು. ಪಾಠ ಮುಗಿಸಿ ಬಂದ ಅಪ್ಪ ನೀರು ಕುಡಿಯುತ್ತಾ ಹೇಳುತ್ತಿದ್ದುದನ್ನು ಅವಳು ತಪ್ಪಿನ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಕಲಿಯುವವರಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ, ಪ್ರತಿ ಪುಟಕ್ಕೂ ಅಪ್ಪ ಇಟ್ಟ ಅಡ್ಡಹೆಸರು. ‘ಕನ್ನಡಿ ಸುಂದರಿ: ಹಿಂದಿನ ಗಾಡಿ ಬಿಟ್ಟು ತನ್ನ ಮುಖ ನೋಡುತ್ತಾಳೆ.’ ‘ಹಾರ್ನಪ್ಪ: ಬ್ರೇಕ್ ಬದಲು ಹಾರ್ನ್.’ ಆ ಪುಸ್ತಕದಲ್ಲಿ ಅವಳದ್ದೂ ಒಂದು ಪುಟವಿತ್ತು. ಮೂರು ಸಲ ಲೈಸೆನ್ಸ್ ಪರೀಕ್ಷೆಗೆ ಹೋಗಿ ಮೂರು ಸಲವೂ ಅಲ್ಲಿನ ಇನ್‌ಸ್ಪೆಕ್ಟರ್ ಕೈಯಲ್ಲಿ ನಪಾಸು. ದೀಪದ ಬುಡದಲ್ಲಿ ಕತ್ತಲೆ ಎಂದು ಊರೆಲ್ಲ ನಕ್ಕರೂ ಮೇಷ್ಟ್ರು ಮಾತ್ರ ಒಪ್ಪಿರಲಿಲ್ಲ. “ಆ ಇನ್‌ಸ್ಪೆಕ್ಟರ್‌ಗೆ ನನ್ನ ಮೇಲೆ ಹೊಟ್ಟೆಕಿಚ್ಚು. ನನ್ನ ಮಗಳು ತಪ್ಪು ಮಾಡೋಳಲ್ಲ” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ನೋಟಿಸು ಬಂದ ಮೇಲೆ ಹನ್ನೊಂದು ಜನ ಕಲಿಯುವವರಲ್ಲಿ ನಾಲ್ವರು ಬರುವುದನ್ನು ನಿಲ್ಲಿಸಿದರು. ಅದಕ್ಕಿಂತ ಹೆಚ್ಚಾಗಿ ಮೇಷ್ಟ್ರನ್ನು ಕುಗ್ಗಿಸಿದ್ದು ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಒಗೆಯಲು ಹಾಕಿದ್ದ ಅವರ ಅಂಗಿಯನ್ನು ಹೆಂಡತಿ ಮೂಗಿನ ಹತ್ತಿರ ಹಿಡಿದು ಮೂಸಿದ್ದಳು. ಬಾಗಿಲಲ್ಲಿ ನಿಂತಿದ್ದ ಅವರು ಅದನ್ನು ಕಂಡರು. ಅವಳು ಅಂಗಿಯನ್ನು ಬಕೆಟ್ಟಿಗೆ ಹಾಕಿ, “ಬೆವರು” ಎಂದಳು. ಅಂದಿನಿಂದ ಅವರ ಬಾಯಿಗೆ ಬೀಗ ಬಿತ್ತು.

*

ಹೇಳಿದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಹಾರ್ನಪ್ಪನ ಕೈಯಲ್ಲಿ ಕಾರು ಓಡಿಸಿಕೊಂಡು ಬಂದ ಅಪ್ಪ, ಮಗಳು ಇಬ್ಬರೂ ಎರಡನೇ ಮಹಡಿಯ ಕೋಣೆಯಲ್ಲಿ ಕೂತಿದ್ದರು. ಎದುರಿಗೆ ಹಿರಿಯ ಅಧಿಕಾರಿ, ಐವತ್ತರ ಆಸುಪಾಸಿನ ಹೆಂಗಸು. ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಮೂಗಿನ ತನಕ ತಂದು ಓದುತ್ತಿದ್ದರು. ಬಾಗಿಲ ಪಕ್ಕ ಮೂರನೇ ಗೇರು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು, ಹೋಂವರ್ಕ್ ಮಾಡದೆ ಬಂದವನ ಹಾಗೆ ನಿಂತಿದ್ದ.

“ಮೇಷ್ಟ್ರೇ, ಅವತ್ತು ಯಾಕೆ ಊದಲಿಲ್ಲ?”

“ಸಿಟ್ಟು ಬಂತು ಮೇಡಂ.”

“ಸಿಟ್ಟಿಗೆ ಈ ಹಾಳೇಲಿ ಚೌಕ ಇಲ್ಲ. ಬೇರೆ ಏನಾದ್ರೂ ಹೇಳೋದಿದ್ಯಾ?”

“ಕುಡಿದಿರಲಿಲ್ಲ. ಅಷ್ಟೇ.”

“ಎಲ್ಲರೂ ಹೇಳೋದೇ ಅದು. ನೋಡೋಣ ಬನ್ನಿ.”

ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದರು. ಮೊದಲು ಪೊಲೀಸ್ ಗಾಡಿಯಿಂದ ತೆಗೆದ ಚಿತ್ರ. ಮೇಷ್ಟ್ರ ಕಾರು ಬಿಸಿಲಿನಲ್ಲಿ ಮುಂದೆ ಮುಂದೆ ಹೋಗುತ್ತಿದೆ. ನೋಡುತ್ತಿದ್ದಂತೆ ಎಡಕ್ಕೆ ವಾಲಿತು. ಎಡಗಡೆಯ ಚಕ್ರಗಳು ಬಿಳಿ ಗೆರೆ ದಾಟಿ ಮಣ್ಣಿಗಿಳಿದವು, ಧೂಳೆದ್ದಿತು, ಕಾರು ಬೆಚ್ಚಿದಂತೆ ವಾಪಸು ಬಂತು. ಖಾಲಿ ರಸ್ತೆಯಲ್ಲಿ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು. ಮತ್ತೆ ಎಡಕ್ಕೆ. ಮಗಳು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಳು. ಯಾರ ಕಾರೆಂದು ಗೊತ್ತಿಲ್ಲದೆ ನೋಡಿದ್ದರೆ ಅವಳೂ ಅದನ್ನೇ ಅನ್ನುತ್ತಿದ್ದಳು: ಕುಡಿದಿದ್ದಾನೆ.

ಎರಡನೆಯದು ಸಿಗ್ನಲ್ಲಿನ ಕಂಬದ ಮೇಲಿದ್ದ ಕ್ಯಾಮೆರಾದ್ದು. ಇದರಲ್ಲಿ ಮುಂದಿನ ಗಾಜಿನೊಳಗೆ ಅಪ್ಪನ ಮುಖ ಕಾಣುತ್ತಿತ್ತು. ಧ್ವನಿ ಇರಲಿಲ್ಲ. ಹಸಿರು ಬಂತು. ಕಾರು ಅಲುಗಲಿಲ್ಲ. ಅಪ್ಪನ ತುಟಿಗಳು ಅಲುಗಿದವು. ಬಲಗೈ ಸ್ಟೀರಿಂಗ್ ಬಿಟ್ಟು ಮೇಲೆದ್ದು, ಯಾರ ಬೆನ್ನನ್ನೋ ತಟ್ಟುವ ಹಾಗೆ ಗಾಳಿಯಲ್ಲಿ ಎರಡು ಸಲ ಆಡಿತು.

ಮಗಳಿಗೆ ಕೇಳಿಸಿತು. ಪರದೆಯಲ್ಲಿ ಧ್ವನಿ ಇಲ್ಲದಿದ್ದರೂ ಒಂದೊಂದು ಮಾತೂ ಕೇಳಿಸಿತು. ‘ಈಗ ಬಿಡು. ನಿಧಾನ. ಬಿಡಮ್ಮಾ.’

ಅವಳ ಕಣ್ಣೆದುರಿಗೆ ಇಡೀ ನಾಲ್ಕು ನಿಮಿಷ ತಿರುವುಮುರುವಾಗಿ ನಿಂತಿತು. ಅಪ್ಪ ಇಪ್ಪತ್ತಾರು ವರ್ಷ ಎಡಗಡೆ ಸೀಟಿನಲ್ಲೇ ಕೂತವರು. ಬಲಗಡೆ ಸೀಟು ಕಲಿಯುವವರದ್ದು. ಮನೆಯಿಂದ ಸ್ಕೂಲಿಗೆ ನಡಿಗೆ. ಸ್ಕೂಲಿನಿಂದ ಹೊರಟ ಕಾರನ್ನು ಯಾವಾಗಲೂ ಇನ್ನೊಬ್ಬರು ಓಡಿಸುವುದು. ಅವತ್ತು ಕ್ಲಚ್ ಪ್ಲೇಟ್ ಹಾಕಿಸಲು ಗ್ಯಾರೇಜಿಗೆ ಬಿಟ್ಟಿದ್ದ ಕಾರನ್ನು ತರಲು ಒಬ್ಬರೇ ಹೋಗಿದ್ದರು. ಎಷ್ಟೋ ವರ್ಷದ ಮೇಲೆ ಒಬ್ಬರೇ ಬಲಗಡೆ ಕೂತಿದ್ದರು. ಎಡಗಡೆ ಕೂತವರಿಗೆ ರಸ್ತೆಯಂಚಿನ ಗೆರೆ ತೋಳಿನ ಬುಡದಲ್ಲೇ ಕಾಣುತ್ತದೆ. ಆ ಅಳತೆಗೆ ಪಳಗಿದ ಕಣ್ಣು ಬಲಗಡೆ ಕೂತಾಗಲೂ ಗೆರೆಯನ್ನು ಅಲ್ಲಿಗೇ ಎಳೆದುಕೊಂಡಿದೆ. ಕಾರು ಒಂದು ಸೀಟಿನಷ್ಟು ಎಡಕ್ಕೆ ಸರಿದಿದೆ. ಬ್ರೇಕ್ ಹಿಡಿದಿದ್ದು ಕಲಿಯುವವರು ಕಾಣದೆ ಹೋಗಬಹುದಾದ ಅಪಾಯಕ್ಕೆ. ಇಂಡಿಕೇಟರ್ ಹಾಕು ಎಂದು ಹೇಳಿದ್ದಾರೆ, ಹಾಕಲು ಪಕ್ಕದಲ್ಲಿ ಯಾರೂ ಇಲ್ಲ. ಹಸಿರು ಬಂದಿದೆ, ಬಿಡು ಎಂದಿದ್ದಾರೆ, ಬಿಡುವವರಿಗಾಗಿ ಕಾದಿದ್ದಾರೆ.

ಅವಳು ಬಾಯಿ ತೆರೆದಳು.

“ಮೇಡಂ, ಅಪ್ಪ... ಪಾಠ ಹೇಳ್ತಿದ್ದಾರೆ.”

“ಯಾರಿಗಮ್ಮಾ? ಕಾರಲ್ಲಿ ಒಬ್ಬರೇ ಇದ್ದಾರಲ್ಲ.”

“ಯಾರಿಗೂ ಅಲ್ಲ.”

ಮೂರನೇ ಗೇರು ಬಾಗಿಲ ಬಳಿ ಕೆಮ್ಮಿದ. ಮಗಳ ಕಿವಿ ಬಿಸಿಯಾಯಿತು. ತಡವರಿಸುತ್ತಲೇ, ನೆಲ ನೋಡುತ್ತಲೇ, ಸೀಟು, ಗೆರೆ, ಹಸಿರು ದೀಪ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ ತಲೆಯೆತ್ತಿದರೆ ಅಪ್ಪ ಅವಳನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಕುಡುಕ ಅನ್ನಿಸಿಕೊಂಡ ದಿನವೂ ಆ ಮುಖ ಅಷ್ಟು ಬಿಳಿಚಿರಲಿಲ್ಲ.

“ನನಗೆ ಗಾಡಿ ಓಡಿಸೋಕೆ ಬರಲ್ಲ ಅಂತೀಯಾ?”

“ಹಾಗಲ್ಲ ಅಪ್ಪ...”

ಅಧಿಕಾರಿ ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿದರು. “ಕೇಳಿ ಮೇಷ್ಟ್ರೇ. ನಿಮ್ಮ ಮಗಳು ಹೇಳಿದ್ದು ನಿಜ ಇರಬಹುದು, ಕಟ್ಟುಕತೆನೂ ಇರಬಹುದು. ಪರೀಕ್ಷೆ ಮಾಡೋದು ಸುಲಭ. ಈಗ ಊದಿ. ಸೊನ್ನೆ ಬಂದ್ರೆ, ನಿಮ್ಮ ಕಾರಲ್ಲೇ ಅದೇ ರಸ್ತೇಲಿ ಹೋಗಿಬರೋಣ. ಕುಡಿಯದೇನೇ ನೀವು ಹೀಗೇ ಓಡಿಸಿದ್ರೆ, ಈ ಆರು ಗುರುತು ಕುಡಿತದ್ದಲ್ಲ ಅಂತ ನಾನೇ ಬರೀತೀನಿ. ಸರಿಯಾಗಿ ಓಡಿಸಿದ್ರೆ, ಅವತ್ತು ನಿಮ್ಮೊಳಗೆ ಬೇರೇನೋ ಇತ್ತು ಅಂತ ಅರ್ಥ. ಪರವಾನಗಿ ಹೋಗುತ್ತೆ. ಬೇಕಂತ ವಾಲಾಡಿಸಿದ್ರೆ ನನಗೆ ಗೊತ್ತಾಗುತ್ತೆ. ಇಪ್ಪತ್ತು ವರ್ಷದಿಂದ ನಾಟಕ ನೋಡಿದ್ದೀನಿ.”

ಮೇಷ್ಟ್ರು ಊದಿದರು. ಸೊನ್ನೆ ಬಂತು.

ಮೆಟ್ಟಿಲಿಳಿಯುವಾಗ ಮಗಳು ಅವರ ತೋಳು ಹಿಡಿದಳು. “ಅಪ್ಪಾ, ತುಂಬ ಜೋಪಾನವಾಗಿ ಓಡಿಸಬೇಡಿ. ಅವತ್ತಿನ ಹಾಗೆ...”

“ಏನ್ ಮಾತು ಅಂತ ಆಡ್ತೀಯ ಪುಟ್ಟೀ? ಮೂರು ಸಾವಿರ ಜನಕ್ಕೆ ಕಲಿಸಿದೋನು ನಾನು. ಆ ಮೂರನೇ ಗೇರಿನ ಮುಂದೆ ಗಾಡೀನ ಮಣ್ಣಿಗಿಳಿಸ್ಲಾ?”

“ಪರವಾನಗಿ ಹೋದ್ರೆ?”

ಅವರು ತೋಳು ಬಿಡಿಸಿಕೊಂಡು ಮುಂದೆ ಇಳಿದರು. ಅತ್ತ ದರಿ, ಇತ್ತ ಪುಲಿ. ಚೆನ್ನಾಗಿ ಓಡಿಸಿದರೆ ಕುಡುಕ, ಕೆಟ್ಟದಾಗಿ ಓಡಿಸಿದರೆ ಗಾಡಿ ಬಾರದ ಮೇಷ್ಟ್ರು. ಅಪ್ಪ ಯಾವುದನ್ನು ಆರಿಸಿಕೊಂಡಿದ್ದಾರೆಂದು ಅವರ ನೆಟ್ಟಗಿನ ಬೆನ್ನು ನೋಡಿಯೇ ಅವಳಿಗೆ ತಿಳಿಯಿತು.

*

ಅಧಿಕಾರಿ ಎಡಗಡೆ ಕೂತರು. ಅಲ್ಲಿ, ಕಲಿಸುವವರ ಕಾಲಿಗೆಂದು ಇನ್ನೊಂದು ಜೊತೆ ಕ್ಲಚ್ಚು, ಬ್ರೇಕು ಇದ್ದವು. ಚಪ್ಪಲಿಯ ತುದಿಯಿಂದ ಬ್ರೇಕನ್ನು ಮುಟ್ಟಿ ನೋಡಿ, “ಇದು ಹಿಡಿಯುತ್ತಾ?” ಎಂದು ಕೇಳಿದರು.

“ಗ್ಯಾರೇಜಲ್ಲಿ ಅದನ್ನೂ ಸರಿ ಮಾಡಿಸಿದ್ದೀನಿ ಮೇಡಂ.”

ಹಿಂದಿನ ಸೀಟಿನಲ್ಲಿ ಮಗಳು, ಅವಳ ಪಕ್ಕದಲ್ಲಿ ಹೊಸ ಹಾಳೆ ತೊಡೆಯ ಮೇಲಿಟ್ಟುಕೊಂಡ ಮೂರನೇ ಗೇರು. ಇಪ್ಪತ್ನಾಲ್ಕು ಖಾಲಿ ಚೌಕಗಳು ಅವಳನ್ನೇ ನೋಡುತ್ತಿದ್ದವು.

ಮೇಷ್ಟ್ರು ಕನ್ನಡಿ ಸರಿಮಾಡಿಕೊಂಡರು, ಬೆಲ್ಟು ಹಾಕಿಕೊಂಡರು, ಇಂಡಿಕೇಟರ್ ಹಾಕಿ ಗೇಟು ದಾಟಿದರು. ಮದುವೆಮನೆಯಲ್ಲಿ ತುಂಬಿದ ತಟ್ಟೆ ಹಿಡಿದು ನಡೆಯುವವರ ಹಾಗೆ ಓಡಿಸಿದರು. ಕಾರು ಎರಡು ಗೆರೆಗಳ ನಡುವೆ ಅಳೆದಿಟ್ಟಂತೆ ಹೋಯಿತು. ಸಿಗ್ನಲ್ಲಿನಲ್ಲಿ ಹಸಿರು ಬಂದ ಕೂಡಲೇ ಹೊರಟಿತು. ವೃತ್ತದಲ್ಲಿ ಒಂದಿಷ್ಟೂ ಜೋಲಿ ಹೊಡೆಯಲಿಲ್ಲ. ಅಪ್ಪನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿದ್ದುದು ಹಿಂದೆ ಕೂತ ಅವಳಿಗೆ ಮಾತ್ರ ಕಾಣುತ್ತಿತ್ತು. ಮೂರನೇ ಗೇರು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. ಅವನಿಗೂ ಸಂಕಟವಾಗುತ್ತಿತ್ತು. ಒಮ್ಮೆ ಅವಳ ಕಡೆ ತಿರುಗಿ, ಏನು ಮಾಡಲಿ ಎಂಬಂತೆ ಹುಬ್ಬು ಏರಿಸಿದ.

ಆಸ್ಪತ್ರೆಯ ಕಾಂಪೌಂಡು ಹೋಯಿತು. ಪೆಟ್ರೋಲ್ ಬಂಕು ಹೋಯಿತು. ಅವತ್ತು ಧೂಳೆದ್ದ ಜಾಗವೂ ಹೋಯಿತು. ಹಾಳೆ ಖಾಲಿಯಾಗಿಯೇ ಇತ್ತು.

“ಚೆನ್ನಾಗೇ ಓಡಿಸ್ತೀರಲ್ಲ ಮೇಷ್ಟ್ರೇ,” ಎಂದರು ಅಧಿಕಾರಿ. ಆ ಹೊಗಳಿಕೆ ಕುಣಿಕೆಯ ಹಾಗೆ ಬಂದು ಬಿತ್ತು. “ಸಾಕು. ಮುಂದೆ ತಿರುಗಿಸಿಕೊಂಡು ಕಚೇರಿಗೆ ಹೋಗಿಬಿಡೋಣ.”

ಕಚೇರಿಗೆ ಏಳೆಂಟು ನಿಮಿಷದ ದಾರಿ.

ಅಪ್ಪ ಎಡಗಡೆಗೆ ವಾಲುವುದು ಮನಸ್ಸು ಪಾಠಕ್ಕಿಳಿದಾಗ ಮಾತ್ರ. ಹಿಂದೆ ಕೂತ ಮಗಳಿಗೆ ಅದು ಈಗ ಹೊಳೆಯಿತು. ಇವತ್ತು ಪಕ್ಕದಲ್ಲಿ ದೊಡ್ಡ ಅಧಿಕಾರಿ ಕೂತಿದ್ದಾರೆ, ಪಾಠ ಹೇಳುವ ಬಾಯಿ ಹೊಲಿದುಕೊಂಡಿದೆ. ಅದನ್ನು ಬಿಚ್ಚಿಸಬೇಕು. ಯಾವುದು ಕೇಳಿದರೆ ಅಪ್ಪನಿಗೆ ಸುಮ್ಮನಿರಲು ಆಗುವುದಿಲ್ಲ? ತಪ್ಪು. ಯಾರಾದರೂ ಮಾಡಿದ ತಪ್ಪು. ಅವಳ ಹತ್ತಿರ ಒಂದಿತ್ತು. ಎರಡು ವರ್ಷದಿಂದ ಬಚ್ಚಿಟ್ಟುಕೊಂಡಿದ್ದ, ತಪ್ಪಿನ ಪುಸ್ತಕದಲ್ಲೂ ಬರೆಯದೆ ಬಿಟ್ಟಿದ್ದ ತಪ್ಪು. ಈ ಇಬ್ಬರು ಹೊರಗಿನವರೆದುರು ಅದನ್ನು ಬಿಚ್ಚುವುದಕ್ಕಿಂತ ಓಡುವ ಕಾರಿನಿಂದ ಇಳಿಯುವುದು ಸುಲಭ ಎನ್ನಿಸಿತು.

“ಅಪ್ಪ, ಮೂರನೇ ಸಲ ನಾನು ಫೇಲಾಗಿದ್ದು ಆ ಇನ್‌ಸ್ಪೆಕ್ಟರ್ ತಪ್ಪಲ್ಲ.”

“ಈಗ ಯಾಕೆ ಅದು? ಸುಮ್ಮನಿರು.”

“ಹಸಿರು ಬಂದಿತ್ತು. ನಾನು ಕ್ಲಚ್ ಬಿಡಲಿಲ್ಲ.”

“ಬಿಡಲಿಲ್ವಾ? ಯಾಕೆ?”

“ನೀವು ಹೇಳಲಿಲ್ಲ.”

ಮೇಷ್ಟ್ರು ಕನ್ನಡಿಯಲ್ಲಿ ಅವಳ ಮುಖ ಹುಡುಕಿದರು.

“ನಾನೆಲ್ಲಿದ್ದೆ ಅಲ್ಲಿ?” ಎಂದರು ಮೇಷ್ಟ್ರು.

“ಅದೇ ಅಪ್ಪ. ಪಕ್ಕದಲ್ಲಿ ನೀವಿರಲಿಲ್ಲ. ‘ಬಿಡಮ್ಮಾ’ ಅಂತ ಕೇಳಿಸುತ್ತೆ ಅಂತ ಕಾಯ್ತಾ ಕೂತೆ. ಹಿಂದೆ ಎಲ್ಲ ಹಾರ್ನ್ ಹೊಡೆದ್ರು. ಮತ್ತೆ ಕೆಂಪು ಬಂತು. ಇನ್‌ಸ್ಪೆಕ್ಟರ್ ಇಳಿಯಮ್ಮಾ ಅಂದ್ರು. ನಾನು ಮನೆಗೆ ಬಂದು, ಯಾಕೆ ಫೇಲ್ ಮಾಡಿದ್ರೋ ಗೊತ್ತಿಲ್ಲ ಅಂತ ನಿಮಗೆ ಸುಳ್ಳು ಹೇಳಿದೆ.”

ಅಪ್ಪನ ಕಿವಿ ಕೆಂಪಾದದ್ದು ಹಿಂದಿನಿಂದ ಕಂಡಿತು. ಬೈಯುತ್ತಾರೆ ಎಂದುಕೊಂಡಳು. ಅವರು ಬೈಯಲಿಲ್ಲ. ಬೆನ್ನು ಸಡಿಲಾಯಿತು. ವಾರದಿಂದ ಕಾಣದಿದ್ದ ಮೇಷ್ಟ್ರು ಅಪ್ಪನ ಭುಜಗಳೊಳಗೆ ವಾಪಸು ಬಂದರು.

“ಸರಿ, ಮೊದಲಿಂದ ಹೇಳು. ಸಿಗ್ನಲ್ ಹತ್ತಿರಕ್ಕೆ ಬರುವಾಗ ಯಾವುದರಲ್ಲಿದ್ದೆ?”

“ಮೂರನೇ ಗೇರು.”

“ಹೇಳಿ?” ಎಂದು ಪಕ್ಕದವನು ತಲೆಯೆತ್ತಿದ.

“ನಿನ್ನನ್ನಲ್ಲ ಕಣಯ್ಯಾ,” ಎಂದು ಮೇಷ್ಟ್ರು ಕನ್ನಡಿಯಲ್ಲೇ ಗದರಿದರು. “ಪುಟ್ಟೀ, ಮೂರರಿಂದ ಎರಡಕ್ಕೆ ಬರಬೇಕು. ಬ್ರೇಕ್ ಮೇಲೆ ಕಾಲಿಡು. ಒತ್ತಬೇಡ, ಇಡು. ಹಾಂ, ಈಗ ಮೆತ್ತಗೆ ಒತ್ತು.”

ಖಾಲಿ ರಸ್ತೆಯಲ್ಲಿ ಕಾರು ಮೆತ್ತಗೆ ಬ್ರೇಕ್ ಹಿಡಿಯಿತು. ಮೂರನೇ ಗೇರು ಪೆನ್ನಿನ ಮುಚ್ಚಳ ತೆಗೆದ.

“ಎಡಗಡೆ ಗೆರೆ ಎಲ್ಲಿದೆ ನೋಡ್ಕೋ. ನನ್ನ ತೋಳಿನ ಹತ್ತಿರ ಇರಬೇಕು. ಅಲ್ಲಿಂದ ಕದಲಬಾರದು.”

ಕಾರು ಎಡಕ್ಕೆ ಸರಿಯಿತು. ಚಕ್ರದ ಕೆಳಗೆ ಬಿಳಿ ಗೆರೆ ಹೋಯಿತು, ಆಮೇಲೆ ಜಲ್ಲಿಯ ಕರಕರ. ಪೆನ್ನು ಎರಡನೇ ಸಲ ಹಾಳೆಯ ಮೇಲೆ ಗೀಚಿತು. ಕಾರು ಥಟ್ಟನೆ ಬಲಕ್ಕೆ ಬಂತು. ಮೂರು.

ಸಿಗ್ನಲ್ಲು. ಕೆಂಪು. ಕಾರು ಗೆರೆಯ ಹಿಂದೆ ಸರಿಯಾಗಿ ನಿಂತಿತು. ಮಗಳು ಕೆಂಪು ದೀಪವನ್ನು ನೋಡುತ್ತಾ ಉಸಿರು ಹಿಡಿದಳು. ಹಸಿರು ಬಂತು.

“ಈಗ ಬಿಡು,” ಎಂದರು ಅಪ್ಪ. “ನಿಧಾನ. ಅರ್ಧ ಬಿಟ್ಟು ಹಿಡ್ಕೋ. ಹೆದರಬೇಡ, ನಾನಿದ್ದೀನಿ. ಬಿಡಮ್ಮಾ.” ಬಲಗೈ ಸ್ಟೀರಿಂಗ್ ಬಿಟ್ಟು ಗಾಳಿಯನ್ನು ಎರಡು ಸಲ ತಟ್ಟಿತು.

ಕಾರು ನಿಂತೇ ಇತ್ತು. ಹಿಂದಿನಿಂದ ಒಂದು ಹಾರ್ನು, ಆಮೇಲೆ ಮೂರು, ಆಮೇಲೆ ಇಡೀ ಸಾಲು. ಪೆನ್ನು ಎರಡು ಸಲ ಗೀಚಿತು. ಐದು. ಮಗಳ ಕಣ್ಣು ತುಂಬಿತು. ಗೆದ್ದದ್ದಕ್ಕೋ ಅಪ್ಪನ ಆ ಕೈಯನ್ನು ನೋಡಲಾರದೆಯೋ ಅವಳಿಗೇ ತಿಳಿಯಲಿಲ್ಲ. ಇನ್ನು ಸಾಕು, ಹೇಳಿಬಿಡಬೇಕು ಎಂದುಕೊಂಡಳು. ಅಷ್ಟರಲ್ಲಿ ಕಾರು ಹೊರಟಿತು.

“ನೋಡಿದ್ಯಾ, ಅಷ್ಟೇ. ಈಗ ಎಡಕ್ಕೆ. ಇಂಡಿಕೇಟರ್ ಹಾಕು.”

ಇಂಡಿಕೇಟರ್ ಹಾಕದೆ ಕಾರು ಎಡಕ್ಕೆ ತಿರುಗಿತು. ಆರು. ತಿರುವಿನಾಚೆ ರಸ್ತೆಯಂಚಿನಲ್ಲಿ ಚರಂಡಿ ಅಗೆದಿದ್ದರು. ಅಲ್ಲಿ ಒಬ್ಬ ಕೆಲಸದವನು ರಸ್ತೆಗೆ ಬೆನ್ನು ಹಾಕಿ, ಬಗ್ಗಿ, ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ. ಮೇಷ್ಟ್ರು ಅವನನ್ನು ಕಂಡರು. ಕಂಡೇ ಹೇಳಿದರು: “ಪುಟ್ಟೀ, ಮುಂದೆ ಜನ ಇದ್ದಾರೆ. ಬಲಕ್ಕೆ ತಗೋ. ಬಲಕ್ಕೆ ತಗೋಮ್ಮಾ.”

ಬಲಕ್ಕೆ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಕಾರು ನೇರವಾಗಿ ಆ ಬಗ್ಗಿದ ಬೆನ್ನಿನ ಕಡೆಗೆ ಹೋಯಿತು. ಮಗಳ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಇಷ್ಟು ಹೊತ್ತು ಎಳೆದೆಳೆದು ಹೊರಗೆ ತಂದ ದನಿ ಬೇಕಾದ ಹೊತ್ತಿಗೆ ಕೈಕೊಟ್ಟಿತು. ಇದನ್ನು ಶುರು ಮಾಡಿದ್ದು ನಾನು ಎಂಬುದೊಂದೇ ತಲೆಯಲ್ಲಿತ್ತು.

ಕಾರು ಕಿರ್ರೆಂದು ನಿಂತಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಇಂಜಿನ್ ಆಫ್ ಆಯಿತು.

ಕೆಲಸದವನಿಗೂ ಕಾರಿಗೂ ಒಂದು ಮೊಳ ಉಳಿದಿತ್ತು. ಅವನು ತಿರುಗಿ ನೋಡಿದ. ಕಾರಿನ ತಲೆಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡು ಓದಿದ. “ಕಲೀರಿ ಕಲೀರಿ, ನನ್ನ ಸೊಂಟದ ಮೇಲೇ ಕಲೀರಿ,” ಎಂದು ಗೊಣಗಿ, ಟೇಪು ಎತ್ತಿಕೊಂಡು ಚರಂಡಿಯ ಆಚೆ ಬದಿಗೆ ಹೋದ.

ಮೇಷ್ಟ್ರು ನಿಟ್ಟುಸಿರಿಟ್ಟರು. “ಸದ್ಯ. ನಾನು ಬ್ರೇಕ್ ಒತ್ತಿದೆ, ಆಯ್ತು.”

ಅಧಿಕಾರಿ ಮೆಲ್ಲಗೆ ಅವರ ಕಡೆ ತಿರುಗಿದರು.

“ನೀವು ಒತ್ತಲಿಲ್ಲ ಮೇಷ್ಟ್ರೇ,” ಎಂದರು ಅಧಿಕಾರಿ.

ಮೇಷ್ಟ್ರು ಎಡಕ್ಕೆ ಬಗ್ಗಿ ನೋಡಿದರು. ಅಧಿಕಾರಿಯ ಚಪ್ಪಲಿಕಾಲು ಆ ಕಡೆಯ ಬ್ರೇಕನ್ನು ನೆಲಕ್ಕಂಟುವಂತೆ ಒತ್ತಿ ಹಿಡಿದಿತ್ತು. ಆಮೇಲೆ ತಮ್ಮ ಕಾಲು ನೋಡಿಕೊಂಡರು. ಅದು ತಮ್ಮ ಪೆಡಲುಗಳನ್ನು ಬಿಟ್ಟು ಎಡಗಡೆಗೆ ಚಾಚಿಕೊಂಡಿತ್ತು. ನಡುವಿನ ಗೇರಿನ ಬುಡಕ್ಕೆ ಬಡಿದು ಅಲ್ಲೇ ನಿಂತಿತ್ತು. ಇಪ್ಪತ್ತಾರು ವರ್ಷ ಅವರು ಒತ್ತಿದ ಬ್ರೇಕನ್ನು ಈಗ ಮೊದಲ ಸಲ ಅವರ ಮೇಲೆ ಯಾರೋ ಒತ್ತಿದ್ದರು. ಅವರು ಕಾಲನ್ನು ನಿಧಾನವಾಗಿ ಒಳಗೆಳೆದುಕೊಂಡರು. ಕೈಗಳನ್ನು ಸ್ಟೀರಿಂಗಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

*

ಕಾರನ್ನು ಮರದ ನೆರಳಿಗೆ ತಳ್ಳಿದ್ದು ಮೂರನೇ ಗೇರು. ಅಧಿಕಾರಿ ಎರಡೂ ಹಾಳೆಗಳನ್ನು ಬಾನೆಟ್ಟಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಅವೇ ಆರು ಚೌಕಗಳು. ಹಳೆಯ ಹಾಳೆಯ ಕೆಳಗೆ ನಾಲ್ಕು ಸಾಲು ಬರೆದು ಸಹಿ ಹಾಕಿದರು.

“ಕುಡಿತ ಅಲ್ಲ. ಆ ಅನುಮಾನ ಇಲ್ಲಿಗೆ ಮುಗೀತು. ಕಲಿಸೋ ಪರವಾನಗಿ ನಿಮ್ಮದೇ. ಆದರೆ ಮೇಷ್ಟ್ರೇ, ಇನ್ನೊಂದೂ ಬರೆದಿದ್ದೀನಿ. ಮತ್ತೆ ಪರೀಕ್ಷೆ ಕೊಟ್ಟು ಪಾಸಾಗೋ ತನಕ ನೀವು ಬಲಗಡೆ ಕೂರೋ ಹಾಗಿಲ್ಲ. ಎಡಗಡೆ ಕೂತು ಎಷ್ಟು ಜನಕ್ಕೆ ಬೇಕಾದ್ರೂ ಕಲಿಸಿ.”

“ಕಲಿಸಬಹುದು, ಓಡಿಸಬಾರದು,” ಎಂದರು ಮೇಷ್ಟ್ರು.

“ಹೂಂ.”

“ಸರಿ ಮೇಡಂ. ಆ ಮನುಷ್ಯನ ಬೆನ್ನು ನೋಡಿದ ಮೇಲೆ ನನಗೆ ವಾದ ಮಾಡೋಕೆ ಬಾಯಿಲ್ಲ.”

ಅಧಿಕಾರಿ ಕಚೇರಿಗೆ ಹೋಗಲು ಆಟೋ ಹತ್ತಿದರು. ಮೂರನೇ ಗೇರು ತಲೆ ಕೆರೆದುಕೊಳ್ಳುತ್ತಾ ನಿಂತ. “ಸರ್, ತಪ್ಪು ತಿಳ್ಕೋಬೇಡಿ. ಮನೆ ತನಕ ನಾನೇ ಓಡಿಸಿಕೊಂಡು ಬರ್ಲಾ?”

“ನೀನಾ? ಸಂಜೆ ಆಗುತ್ತೆ.” ಮೇಷ್ಟ್ರು ಅವನ ಭುಜದ ಮೇಲೆ ಕೈಯಿಟ್ಟರು. “ಕಂಡದ್ದು ಕಂಡ ಹಾಗೆ ಬರೆದೆ. ಅದನ್ನ ನಾನು ಕಲಿಸಿರಲಿಲ್ಲ. ಹೋಗು.”

ಅವನು ಹೋದ ಮೇಲೆ ಮೇಷ್ಟ್ರು ಕಾರಿನ ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮಗಳ ಕಡೆಗೆ ಚಾಚಿದರು. “ಎಲ್‌ಎಲ್ - ಕಲಿಯೋರ ಲೈಸೆನ್ಸು - ಇನ್ನೂ ನಡೀತಿದೆ ತಾನೇ?”

“ಹೋದ ತಿಂಗಳು ಹೊಸದು ಮಾಡಿಸಿದ್ದೀನಿ.”

“ನನಗೆ ಹೇಳಲೇ ಇಲ್ಲ.”

“ನಾಲ್ಕನೇ ಸಲ ಅಂತ ನಾಚಿಕೆಯಾಯ್ತು.”

ಅವಳು ಬಲಗಡೆ ಕೂತಳು, ಅವರು ಎಡಗಡೆ. ಕಾರು ಹೊರಟು ಎಷ್ಟೋ ಹೊತ್ತಿನ ತನಕ ಅವರು ಒಂದು ಮಾತೂ ಆಡಲಿಲ್ಲ. ಅಪ್ಪ ಮಾತಾಡದ ಕಾರಿನಲ್ಲಿ ಅವಳು ಯಾವತ್ತೂ ಸ್ಟೀರಿಂಗ್ ಹಿಡಿದಿರಲಿಲ್ಲ.

“ಬೇಕಂತಲೇ ಹೇಳಿದೆ, ಅಲ್ವಾ?” ಎಂದರು ಕೊನೆಗೆ.

“ಹೂಂ.”

“ಆ ಸಿಗ್ನಲ್ಲಿನ ವಿಷಯ ಕಟ್ಟಿ ಹೇಳಿದ್ದಾ?”

“ಇಲ್ಲ ಅಪ್ಪ. ಅದು ನಿಜ.”

ಅವರು ಕಿಟಕಿಯ ಆಚೆ ನೋಡಿದರು. “ನಾನು ಆ ಇನ್‌ಸ್ಪೆಕ್ಟರ್ ಬಗ್ಗೆ ಊರಿಗೆಲ್ಲ ಹೇಳಿಕೊಂಡು ಬಂದೆನಲ್ಲ ಪುಟ್ಟೀ. ಇನ್ನು ಅವನ ಮುಂದೇನೇ ಹೋಗಿ ನಾನೂ ಪರೀಕ್ಷೆಗೆ ಕೂರಬೇಕು.”

ಅವಳಿಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ. ಮುಂದೆ ಸಿಗ್ನಲ್ಲು ಕಾಣಿಸಿತು, ಅದೇ ಸಿಗ್ನಲ್ಲು. ಮೂರರಿಂದ ಎರಡಕ್ಕೆ ಬಂದಳು. ಗೆರೆಯ ಹಿಂದೆ ನಿಲ್ಲಿಸಿದಳು. ಅಪ್ಪ ತಮ್ಮೆರಡೂ ಕಾಲುಗಳನ್ನು ಸೀಟಿನ ಕೆಳಕ್ಕೆ, ಪೆಡಲುಗಳಿಂದ ದೂರಕ್ಕೆ ಎಳೆದಿಟ್ಟುಕೊಂಡದ್ದು ಕಡೆಗಣ್ಣಿಗೆ ಕಂಡಿತು. ಕಂಬದ ಮೇಲಿನ ಕ್ಯಾಮೆರಾ ಇಬ್ಬರನ್ನೂ ನೋಡುತ್ತಿತ್ತು.

ಹಸಿರು ಬಂತು. ಎಡಗಡೆ ಅಪ್ಪ ಬಾಯಿ ತೆರೆದರು. ಮಾತು ನಾಲಿಗೆ ದಾಟುವಷ್ಟರಲ್ಲಿ ಕಾರು ಸಿಗ್ನಲ್ ದಾಟಿತ್ತು.